ಸಾಕುಪ್ರಾಣಿಗಳ ಯೋಗಕ್ಷೇಮಕ್ಕೆ ಯಾರನ್ನು ನಂಬುವುದು?

ನಮ್ಮ ನಾಡಿನಲ್ಲಿ ಪಶುವೈದ್ಯವೆಂಬುದು ಹಸು, ಎಮ್ಮೆ, ಎತ್ತು, ಕುರಿಗಳ ಆರೈಕೆಗಾಗಿ ಹುಟ್ಟಿ, ಹಳ್ಳಿಯ ಕೊಟ್ಟಿಗೆಯನ್ನೇ ತನ್ನ ಮುಖ್ಯ ಕಾರ್ಯಕ್ಷೇತ್ರವಾಗಿ ಮಾಡಿಕೊಂಡು ಬೆಳೆದ ವಿದ್ಯೆ. ನಾಯಿಬೆಕ್ಕುಗಳು ಅದರ ಬಾಗಿಲಿಗೆ ಬಂದದ್ದು ಬಹಳ ತಡವಾಗಿ. ತಾಲ್ಲೂಕು ಕೇಂದ್ರದ ಪಶುವೈದ್ಯರು ಬೆಳಗಿನ ಹೊತ್ತು ಕೃತಕ ಗರ್ಭಧಾರಣೆಗೆಂದೋ ಕಾಲುಬಾಯಿ ಜ್ವರದ ಲಸಿಕೆಗೆಂದೋ ಹಳ್ಳಿಗಳ ಮೇಲೆ ಹೋಗಿರುವಾಗ, ವಾಂತಿ ಮಾಡಿಕೊಳ್ಳುತ್ತಿರುವ ನಾಯಿಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ ಗೃಹಸ್ಥನು ಆಸ್ಪತ್ರೆಯ ಜಗುಲಿಯ ಮೇಲೆ ಕಾದು ಕುಳಿತು, ಕಡೆಗೆ ಪಕ್ಕದ ಮೆಡಿಕಲ್ ಸ್ಟೋರಿನವನ ಮಾತನ್ನೇ ವೇದವಾಕ್ಯವೆಂದು ಭಾವಿಸಿ ಒಂದು ಮಾತ್ರೆಯ ಪಟ್ಟಿಯೊಡನೆ ಮನೆಗೆ ಹಿಂದಿರುಗುವುದು ಸಣ್ಣ ಊರುಗಳಲ್ಲಿ ದಿನನಿತ್ಯದ ನೋಟ. ಬೆಂಗಳೂರಿನಂಥ ಮಹಾನಗರದ ಕಷ್ಟ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಬೀದಿಗೊಂದು ಚಿಕಿತ್ಸಾಲಯ, ಮೂಲೆಗೊಂದು ಪೆಟ್ ಶಾಪ್, ಸ್ನಾನ ಮಾಡಿಸುವವರು, ಪಾಠ ಹೇಳುವವರು, ಯಜಮಾನನು ಊರಿಗೆ ಹೋದಾಗ ಇಟ್ಟುಕೊಳ್ಳುವವರು, ಎಲ್ಲರೂ ಇದ್ದಾರೆ. ಎಲ್ಲರ ಹೆಸರಿನ ಮುಂದೆಯೂ ಮೊಬೈಲಿನ ಪರದೆಯಲ್ಲಿ ನಾಲ್ಕೂವರೆ ನಕ್ಷತ್ರಗಳು ಹೊಳೆಯುತ್ತಿರುತ್ತವೆ. ಅಭಾವದಲ್ಲಿ ಯಾರೂ ಸಿಕ್ಕದಿರುವುದು ಒಂದು ಸಂಕಟವಾದರೆ, ಸಮೃದ್ಧಿಯಲ್ಲಿ ಯಾರನ್ನು ನೆಚ್ಚಬೇಕೆಂದು ತಿಳಿಯದಿರುವುದು ಮತ್ತೊಂದು ಸಂಕಟ.

ಈ ನಕ್ಷತ್ರಗಳನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಆದರೆ ಅವನ್ನು ಕೊಟ್ಟವರಲ್ಲಿ ಬಹುಮಂದಿ ಚಿಕಿತ್ಸೆಯ ಗುಣವನ್ನಲ್ಲ, ಕಾಯುವ ಕೋಣೆಯ ತಂಪನ್ನೂ ಸ್ವಾಗತಿಸಿದವರ ನಗೆಯನ್ನೂ ಅಳೆದಿರುತ್ತಾರೆ ಎಂಬುದನ್ನು ಮಾತ್ರ ಮರೆಯಲಾಗದು. ನನ್ನ ಮಟ್ಟಿಗೆ, ಪ್ರಾಣಿಸಂಬಂಧವಾದ ಯಾವುದೇ ಕಸುಬಿನವನನ್ನು ಪರೀಕ್ಷಿಸಲು ಇರುವ ಅತ್ಯುತ್ತಮ ಒರೆಗಲ್ಲೆಂದರೆ, ಆತನು ತನ್ನ ವಿದ್ಯೆಯ ಎಲ್ಲೆಯನ್ನು ಬಲ್ಲನೇ, ಆ ಎಲ್ಲೆ ಬಂದಾಗ ಅದನ್ನು ಬಾಯಿಬಿಟ್ಟು ಹೇಳಬಲ್ಲನೇ ಎಂಬುದು. "ಸ್ವಾಮಿ, ಇದಕ್ಕೆ ಸ್ಕ್ಯಾನಿಂಗ್ ಆಗಬೇಕು, ನನ್ನಲ್ಲಿ ಅದಿಲ್ಲ, ಈಗಲೇ ಹೆಬ್ಬಾಳದ ಪಶು ಆಸ್ಪತ್ರೆಗೆ ಹೊರಡಿ, ನಾನು ಚೀಟಿ ಬರೆದುಕೊಡುತ್ತೇನೆ" ಎಂದು ಹೇಳಿ, ಬರಬಹುದಾಗಿದ್ದ ಹಣವನ್ನು ಬಿಟ್ಟುಕೊಟ್ಟ ವೈದ್ಯನು, ಎಲ್ಲ ಕಾಯಿಲೆಗೂ ಮೂರು ದಿನದ ಚುಚ್ಚುಮದ್ದನ್ನು ಶುರುಮಾಡುವವನಿಗಿಂತ ಸಾವಿರ ಪಾಲು ಮೇಲು.

ಮೊದಲು ವೈದ್ಯರ ಮಾತನ್ನೇ ತೆಗೆದುಕೊಳ್ಳೋಣ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ, ಬಿ.ವಿ.ಎಸ್‌ಸಿ. ಅಂಡ್ ಎ.ಎಚ್. ಎಂಬ ಐದೂವರೆ ವರ್ಷಗಳ ಪದವಿಯನ್ನು ಪಡೆದು, ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರವೇ ಪಶುವೈದ್ಯವೃತ್ತಿಯನ್ನು ನಡೆಸತಕ್ಕದ್ದು. ಆದರೂ ಯಾವುದೋ ಚಿಕಿತ್ಸಾಲಯದಲ್ಲಿ ಕೆಲವು ಕಾಲ ಸಹಾಯಕನಾಗಿದ್ದು, ಸೂಜಿ ಹಿಡಿಯುವುದನ್ನು ಕಲಿತು, ಬೈಕಿನ ಮೇಲೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಲಸಿಕೆ ಹಾಕುವವರು ಎಲ್ಲ ಊರುಗಳಲ್ಲಿಯೂ ಉಂಟು. ಅವರಲ್ಲಿ ಕೆಲವರು ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೆ ಒಳ್ಳೆಯ ಮನಸ್ಸು ಔಷಧದ ಪ್ರಮಾಣವನ್ನು ನಿರ್ಣಯಿಸಲಾರದು. ಆದಕಾರಣ ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಸಲ್ಲದು. ಅರ್ಹರಾದವರು ಅದನ್ನು ಗೋಡೆಯ ಮೇಲೆ ತೂಗುಹಾಕಿರುತ್ತಾರೆ, ಇಲ್ಲವೆ ಚೀಟಿಯ ಮೇಲ್ಭಾಗದಲ್ಲಿ ಮುದ್ರಿಸಿರುತ್ತಾರೆ. ಕೇಳಿದ ಮಾತ್ರಕ್ಕೆ ಸಿಡುಕುವವರ ಬಳಿಗೆ ಎರಡನೆಯ ಸಲ ಹೋಗಬೇಕಾದ್ದಿಲ್ಲ.

ಎರಡನೆಯ ಪರೀಕ್ಷೆಯನ್ನು ಲಸಿಕೆಯ ದಿನ ನಡೆಸಬಹುದು. ಲಸಿಕೆಯು ತಯಾರಾದ ಕಾರ್ಖಾನೆಯಿಂದ ಪ್ರಾಣಿಯ ಚರ್ಮದವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಬೇಕಾದ ವಸ್ತು; ಬಿಸಿಲಿನಲ್ಲಿ ಅಲೆದ ಲಸಿಕೆಯು ನೋಡಲು ಮೊದಲಿನಂತೆಯೇ ಇದ್ದರೂ ಒಳಗೆ ಸತ್ತ್ವ ಉಳಿದಿರುವುದಿಲ್ಲ. ಒಳ್ಳೆಯ ಚಿಕಿತ್ಸಾಲಯದಲ್ಲಿ ವೈದ್ಯರು ಫ್ರಿಜ್ಜಿನಿಂದ ಎರಡು ಪುಟ್ಟ ಸೀಸೆಗಳನ್ನು ತೆಗೆಯುತ್ತಾರೆ: ಒಂದರ ತಳದಲ್ಲಿ ಬೆಳ್ಳಗಿನ ಒಣ ಬಿಲ್ಲೆ, ಮತ್ತೊಂದರಲ್ಲಿ ದ್ರವ. ನಿಮ್ಮ ಕಣ್ಣೆದುರಿಗೇ ದ್ರವವನ್ನು ಬಿಲ್ಲೆಯೊಡನೆ ಕೂಡಿಸಿ, ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ, ಪ್ರಾಣಿಯ ಜ್ವರವನ್ನು ನೋಡಿದ ಮೇಲೆಯೇ ಚುಚ್ಚುತ್ತಾರೆ. ಆಮೇಲೆ ಸೀಸೆಯ ಮೇಲಿನ ಚೀಟಿಯನ್ನು ಬಿಡಿಸಿ ಲಸಿಕೆ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು ಹಾಕಿ, ರುಜು ಮಾಡಿ, ಮುದ್ರೆಯೊತ್ತುತ್ತಾರೆ. ಆ ಚೀಟಿಯಲ್ಲಿ ತಯಾರಿಕೆಯ ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ತಿಂಗಳೂ ಇರುತ್ತವೆ. ಚೀಟಿಯಿಲ್ಲದೆ ಬರಿಯ ರುಜುವಷ್ಟೇ ಇರುವ ಪುಸ್ತಕ ಅರ್ಧ ಪುಸ್ತಕ. ನಾಯಿಮರಿಗೆ ಆರರಿಂದ ಎಂಟು ವಾರಗಳೊಳಗೆ ಡಿಸ್ಟೆಂಪರ್, ಪಾರ್ವೋ ಮುಂತಾದವುಗಳ ಲಸಿಕೆ, ಮೂರು ನಾಲ್ಕು ವಾರಗಳ ಬಳಿಕ ಅದರ ಪುನರಾವೃತ್ತಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಎಂಬುದು ಸಾಮಾನ್ಯವಾದ ಕ್ರಮ; ಮಲೆನಾಡು ಕರಾವಳಿಗಳ ಒದ್ದೆ ನೆಲದಲ್ಲಿ ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರಾ ರೋಗದ ಕಡೆಗೂ ವೈದ್ಯರ ಗಮನವಿರಬೇಕು.

ರೇಬೀಸ್ ಲಸಿಕೆಗೆ ಹಣವೇ ಅಡ್ಡಿಯಾಗಿದ್ದರೆ ಅದಕ್ಕೂ ದಾರಿಯುಂಟು. 1885ರ ಜುಲೈ 6ರಂದು ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ತನ್ನ ಲಸಿಕೆಯನ್ನು ಕೊಟ್ಟದ್ದರ ನೆನಪಿಗಾಗಿ ಆ ದಿನವನ್ನು ಪ್ರಾಣಿಜನ್ಯ ರೋಗಗಳ ದಿನವೆಂದೂ, ಪಾಶ್ಚರನು ತೀರಿಕೊಂಡ ಸೆಪ್ಟೆಂಬರ್ 28ನ್ನು ರೇಬೀಸ್ ದಿನವೆಂದೂ ಲೋಕವು ಆಚರಿಸುತ್ತದೆ. ಈ ದಿನಗಳ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುತ್ತವೆ. ಜೂನ್ ಕಡೆಯ ವಾರದಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬಂದರೆ ಆಯಿತು.

ಸರ್ಕಾರಿ ಆಸ್ಪತ್ರೆಯೆಂದೊಡನೆ ಮೂಗು ಮುರಿಯುವ ಅಭ್ಯಾಸ ಪೇಟೆಯವರಿಗೆ ಉಂಟು. ಅದು ಅವಿವೇಕ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಮಹಾವಿದ್ಯಾಲಯದ ಚಿಕಿತ್ಸಾ ಸಂಕೀರ್ಣದಲ್ಲಿ ಔಷಧ, ಶಸ್ತ್ರಚಿಕಿತ್ಸೆ, ಪ್ರಸೂತಿ ಎಂದು ಬೇರೆ ಬೇರೆ ವಿಭಾಗಗಳಿದ್ದು, ಆಯಾ ವಿಷಯದಲ್ಲಿ ಪ್ರಾವೀಣ್ಯವುಳ್ಳ ಅಧ್ಯಾಪಕರೇ ಪ್ರಾಣಿಯನ್ನು ನೋಡುತ್ತಾರೆ. ಶುಲ್ಕವೂ ಖಾಸಗಿಯವರಿಗಿಂತ ಬಹಳ ಕಡಮೆ. ಅಲ್ಲಿ ಕೊಡಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಬೆಳಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ನಾಯಿಯ ಸುತ್ತ ಐದಾರು ಮಂದಿ ವಿದ್ಯಾರ್ಥಿಗಳು ನೆರೆದು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳಲಿ, ಹತ್ತು ಕಣ್ಣು ನೋಡಿದ್ದು ನಾಯಿಗೆ ಲಾಭವೇ. ಬೀದರಿನಲ್ಲಿ ಕೇಂದ್ರವುಳ್ಳ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಇಂಥ ಮಹಾವಿದ್ಯಾಲಯಗಳು ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿಯೂ ಇರುವುದರಿಂದ, ಆ ಸುತ್ತಿನ ಜಿಲ್ಲೆಗಳವರು ಕಠಿನವಾದ ಕಾಯಿಲೆಗೆ ಬೆಂಗಳೂರಿನವರೆಗೆ ಓಡಬೇಕಾದ್ದಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಯಾವ ವೇಳೆಯಲ್ಲಿ ಆಸನದಲ್ಲಿರುತ್ತಾರೆ, ಯಾವ ದಿನ ಹಳ್ಳಿಗೆ ಹೋಗುತ್ತಾರೆ ಎಂಬುದನ್ನು ಅಲ್ಲಿನ ಸಿಬ್ಬಂದಿಯಿಂದ ಮೊದಲೇ ತಿಳಿದಿಟ್ಟುಕೊಂಡರೆ, ಜಗುಲಿಯ ಮೇಲೆ ಕಾದು ಕೂರುವ ಪ್ರಮೇಯ ಬರುವುದಿಲ್ಲ. ಪಶು ಸಂಜೀವಿನಿಯ 1962 ಎಂಬ ಸಂಖ್ಯೆಯು ಪ್ರಧಾನವಾಗಿ ರೈತರ ಜಾನುವಾರುಗಳಿಗಾಗಿ ಏರ್ಪಟ್ಟ ಸಂಚಾರಿ ಚಿಕಿತ್ಸೆಗೆ ಸಂಬಂಧಿಸಿದುದು. ಹಸುವನ್ನೂ ನಾಯಿಯನ್ನೂ ಕೂಡಿ ಸಾಕುವ ಮನೆಯವರು ಅದನ್ನು ಬರೆದಿಟ್ಟುಕೊಂಡಿರತಕ್ಕದ್ದು.

ಆಪತ್ತು ಹೇಳಿಕೇಳಿ ಬರುವುದಿಲ್ಲ. ಅದೂ ನಡುರಾತ್ರಿಯಲ್ಲಿಯೇ ಬರುವುದು ಹೆಚ್ಚು ಎಂದು ಪ್ರಾಣಿ ಸಾಕಿದವರೆಲ್ಲರ ಅನುಭವ. ಕೆಲವು ಸಂಕಟಗಳು ಬೆಳಗಿನವರೆಗೆ ಕಾಯುವಂಥವಲ್ಲ. ಆಳವಾದ ಎದೆಯ ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬಾರದೆ ಇದ್ದರೆ, ಒಳಗೆ ಜಠರವು ತಿರುಚಿಕೊಂಡಿರಬಹುದು, ಕೆಲವೇ ಗಂಟೆಗಳ ಅವಕಾಶವಿರುತ್ತದೆ. ಗಂಡುಬೆಕ್ಕು ಮೂತ್ರಕ್ಕೆ ಮತ್ತೆ ಮತ್ತೆ ಕುಳಿತು ಹನಿಯೂ ಬಾರದೆ ನರಳುತ್ತಿದ್ದರೆ, ಮಲಬದ್ಧತೆಯೆಂದು ಬಗೆದು ಹರಳೆಣ್ಣೆ ಕುಡಿಸುವುದು ಅದನ್ನು ಕೊಂದಂತೆಯೇ. ಮೂತ್ರನಾಳ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಮಲೆನಾಡಿನವರಿಗೆ ಇನ್ನೊಂದು ಚಿಂತೆಯುಂಟು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಸಲ್ಲುವುದಾದರೂ, ಅದು ಎಲ್ಲ ಪಶು ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ. ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಮಳೆಗಾಲಕ್ಕೆ ಮುಂಚೆ ಕೇಳಿಟ್ಟುಕೊಳ್ಳಬೇಕೇ ಹೊರತು ನಾಯಿಯ ಮೂತಿ ಊದಿಕೊಂಡ ಮೇಲೆ ಅಲ್ಲ.

ರಾತ್ರಿ ತೆರೆದಿರುವ ಚಿಕಿತ್ಸಾಲಯಗಳ ಸುದ್ದಿಯನ್ನು ಜಾಹೀರಾತಿನಿಂದ ತಿಳಿಯುವುದು ಕಷ್ಟ. "ಇಪ್ಪತ್ತನಾಲ್ಕು ಗಂಟೆ" ಎಂಬ ಫಲಕದ ಹಿಂದೆ ಬರಿಯ ಕಾವಲುಗಾರನು ಮಲಗಿರುವ ಸಂದರ್ಭಗಳೂ ಉಂಟು. ಇದನ್ನು ಬಲ್ಲವರು ನಿಮ್ಮ ಬಡಾವಣೆಯಲ್ಲಿಯೇ ಇದ್ದಾರೆ. ಸಂಜೆಯ ಹೊತ್ತು ಸ್ಟೀಲ್ ಡಬ್ಬಿಯಲ್ಲಿ ಅನ್ನ ಕಲಸಿಕೊಂಡು ಬೀದಿನಾಯಿಗಳಿಗೆ ಹಾಕುವ ಹೆಂಗಸೊಬ್ಬಳು ಪ್ರತಿಯೊಂದು ಬಡಾವಣೆಯಲ್ಲಿಯೂ ಇರುತ್ತಾಳೆ. ಗಾಡಿ ಹರಿದ ನಾಯಿ, ಹುಳು ಬಿದ್ದ ಗಾಯ, ಸೊರಗಿದ ಮರಿ, ಇವೆಲ್ಲದರೊಡನೆ ವರ್ಷಗಟ್ಟಲೆ ಅಲೆದಾಡಿದ ಆಕೆಗೆ ತಿಳಿಯದ ವೈದ್ಯನಿಲ್ಲ. "ಅಮ್ಮಾ, ರಾತ್ರಿ ಹನ್ನೆರಡಕ್ಕೆ ಏನಾದರೂ ಆದರೆ ನೀವು ಎಲ್ಲಿಗೆ ಓಡುತ್ತೀರಿ?" ಎಂದು ಕೇಳಿ ನೋಡಿ. ಯಾವ ವೈದ್ಯರು ಫೋನು ಎತ್ತುತ್ತಾರೆ, ಯಾರು ದುಡ್ಡು ಕಂಡ ಮೇಲೆಯೇ ಮೇಜಿನ ಮೇಲೆ ಮಲಗಿಸುತ್ತಾರೆ, ರಕ್ತ ಸೋರುವ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋದವನು ಯಾರು ಎಂಬುದನ್ನೆಲ್ಲ ಆಕೆ ಒಂದೇ ಉಸಿರಿಗೆ ಹೇಳುತ್ತಾಳೆ. ಆ ಫೋನ್ ಸಂಖ್ಯೆಗಳನ್ನೂ ಪ್ರಾಣಿಯ ಈಚಿನ ತೂಕವನ್ನೂ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಬಿಡಬೇಕು. ತೂಕ ಏಕೆಂದರೆ, ಫೋನಿನಲ್ಲಿ ವೈದ್ಯರು ಮೊದಲು ಕೇಳುವುದೇ ಅದನ್ನು.

ಮೆಡಿಕಲ್ ಸ್ಟೋರಿನವನ ಸಲಹೆಯ ಮಾತು ಮೊದಲೇ ಬಂತು. ಆತನು ಮನುಷ್ಯರ ಔಷಧವನ್ನು ಬಲ್ಲವನೇ ಹೊರತು ಪ್ರಾಣಿಗಳ ಯಕೃತ್ತನ್ನು ಬಲ್ಲವನಲ್ಲ. ಜ್ವರಕ್ಕೆಂದು ನಾವು ನಿಶ್ಚಿಂತೆಯಿಂದ ನುಂಗುವ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ನೋವಿಗೆ ಬಳಸುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪೆಟ್ ಶಾಪಿನವನೂ ಈ ವಿಷಯದಲ್ಲಿ ಹೆಚ್ಚಿನವನಲ್ಲ. ನಾಯಿಯ ಉಣ್ಣೆಗೆಂದು ಬೆನ್ನಿನ ಮೇಲೆ ಹನಿಸುವ ಔಷಧಗಳಲ್ಲಿ ಕೆಲವು ಪರ್ಮೆಥ್ರಿನ್ ಎಂಬ ದ್ರವ್ಯವುಳ್ಳವು; ಅದನ್ನು ಬೆಕ್ಕಿಗೆ ಹಾಕಿದರೆ ಮೈ ನಡುಗಿ ಸೆಳವು ಬಂದು ಸಾಯುವುದುಂಟು. ದನಗಳಿಗೆಂದು ತಯಾರಾದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕಜ್ಜಿಗೆಂದು ನಾಯಿಗೆ ಅಂದಾಜಿನ ಮೇಲೆ ಕೊಡುವ ಪದ್ಧತಿಯಂತೂ ಭಯಂಕರವಾದುದು. ಕೋಲಿ ಜಾತಿಯ ನಾಯಿಗಳಲ್ಲಿ ಆ ಔಷಧವು ಮೆದುಳನ್ನೇ ಹೊಕ್ಕು ಪ್ರಾಣಕ್ಕೆ ಎರವಾಗುತ್ತದೆ. ಉಣ್ಣೆಯ ಕಾಟ ನಮ್ಮಲ್ಲಿ ವರ್ಷವಿಡೀ ಇರುವುದರಿಂದ, ವಾರಕ್ಕೊಮ್ಮೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬಾಲದ ಬುಡ, ಈ ಮೂರು ಕಡೆ ಕೈಯಾಡಿಸಿ ನೋಡುವುದನ್ನು ರೂಢಿಸಿಕೊಂಡು, ಯಾವ ಔಷಧ, ಎಷ್ಟು, ಎಂದಿಗೆ ಎಂಬುದನ್ನು ವೈದ್ಯರ ಚೀಟಿಯ ಮೇಲೆಯೇ ಬರೆಸಿಕೊಳ್ಳಬೇಕು.

ಇನ್ನು ಮರಿಯನ್ನು ಕೊಳ್ಳುವ ವಿಷಯ. ಕೊಳ್ಳುವುದಕ್ಕಿಂತ ದತ್ತು ತೆಗೆದುಕೊಳ್ಳುವುದೇ ಲೇಸೆಂಬುದು ನನ್ನ ಪಕ್ಷಪಾತ. ಕ್ರಿಸ್ಟಲ್ ರಾಜರ್ಸ್ ಎಂಬ ಮಹಿಳೆಯು 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್ ಮುಂತಾದ ಸಂಸ್ಥೆಗಳು ಅನಾಥ ಪ್ರಾಣಿಗಳನ್ನು ಉಪಚರಿಸುವ ಕೆಲಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿವೆ. ದತ್ತು ಕೊಡುವವರು ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದೆಲ್ಲ ಹೆಣ್ಣು ಕೊಡುವವರಂತೆ ವಿಚಾರಿಸಿದರೆ ಬೇಸರಿಸಬಾರದು. ಏನೂ ಕೇಳದೆ ಮರಿಯನ್ನು ಕೈಗಿಡುವವರ ಬಗೆಗೇ ಸಂಶಯ ಪಡಬೇಕು. ಕೊಳ್ಳಲೇಬೇಕೆನ್ನುವವರು 2017ರ ಶ್ವಾನ ತಳಿವರ್ಧನೆ ಮತ್ತು ಮಾರಾಟದ ನಿಯಮಗಳನ್ನು ತಿಳಿದಿರಬೇಕು: ಮಾರುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ತಾಯಿನಾಯಿಯನ್ನು ತೋರಿಸಿರೆಂದು ಕೇಳುವುದು ಎಲ್ಲಕ್ಕಿಂತ ಸರಳವಾದ ಪರೀಕ್ಷೆ. "ತಾಯಿ ಊರಲ್ಲಿದೆ ಸಾರ್" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದು ಒಳಿತು. ಪಾರ್ವೋ ರೋಗವು ಮೈಹೊಕ್ಕ ಮೇಲೂ ಕೆಲವು ದಿನ ಮರಿಯು ಲವಲವಿಕೆಯಿಂದಲೇ ಇರುವುದರಿಂದ, ಅಂಗಡಿಯಲ್ಲಿ ಕುಣಿದ ಮರಿ ಮನೆಗೆ ಬಂದ ನಾಲ್ಕನೆಯ ದಿನ ರಕ್ತಭೇದಿಯಿಂದ ನೆಲಕಚ್ಚುವುದು ಅಪರೂಪವೇನಲ್ಲ. ದೇಶೀ ತಳಿಯ ಅಭಿಮಾನಿಗಳಿಗೆ ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಮೇಲೆ ಹೇಳಿದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ್ದೇ ಆದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2005ರಲ್ಲಿ ಅಂಚೆಚೀಟಿಯ ಮೇಲೇರಿ, 2016ರಲ್ಲಿ ಸೈನ್ಯದ ತರಬೇತಿಗೂ ಹೋದ ಮುಧೋಳ ನಾಯಿಯ ವಂಶಶುದ್ಧಿಯ ಮಾತಿಗೆ ಆ ಕೇಂದ್ರದಷ್ಟು ವಿಶ್ವಾಸಾರ್ಹವಾದ ಸ್ಥಳ ಮತ್ತೊಂದಿಲ್ಲ. ಆದರೆ ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ಆ ಪ್ರಾಣಿಯನ್ನು ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಕೂಡಿಹಾಕುವುದು ಅಭಿಮಾನವಲ್ಲ.

ಗಿಳಿಯನ್ನೋ ನಕ್ಷತ್ರ ಆಮೆಯನ್ನೋ ಮಾರಲು ಬರುವವನನ್ನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಹಿಂದಕ್ಕೆ ಕಳುಹಿಸಬಹುದು. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಗಾಳಿಪಟದ ದಾರಕ್ಕೆ ಸಿಕ್ಕ ಹದ್ದು, ಅಂಗಳಕ್ಕೆ ಬಿದ್ದ ಗೂಬೆಮರಿ ಮುಂತಾದವು ಕಂಡರೆ ಬೆಂಗಳೂರಿನವರು ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೂ, ಬೇರೆ ಊರಿನವರು ಅರಣ್ಯ ಇಲಾಖೆಗೂ ತಿಳಿಸತಕ್ಕದ್ದು.

ದಸರೆಗೋ ಬೇಸಿಗೆ ರಜೆಗೋ ಊರಿಗೆ ಹೋಗುವಾಗ ಪ್ರಾಣಿಯನ್ನು ಬಿಟ್ಟುಹೋಗುವ ಬೋರ್ಡಿಂಗ್ ಮನೆಗಳನ್ನು ಆರಿಸುವಾಗ ನಾನು ನೋಡುವುದು ಒಂದನ್ನೇ: ಅವರು ನಮ್ಮನ್ನು ಪ್ರಶ್ನಿಸುತ್ತಾರೆಯೇ? ಲಸಿಕೆ ಪುಸ್ತಕವನ್ನು ನೋಡದೆ ಒಳಗೆ ಬಿಡುವವರು ನಿಮ್ಮ ನಾಯಿಯ ಪಕ್ಕದಲ್ಲಿ ಯಾವ ಕೆಮ್ಮಿನ ನಾಯಿಯನ್ನಾದರೂ ಕಟ್ಟುತ್ತಾರೆ. ಮುಂದಿನ ಹುಲ್ಲುಹಾಸಿನಲ್ಲಿ ನಿಂತು ಮಾತಾಡದೆ ಹಿಂದಿನ ಗೂಡುಗಳನ್ನು ನೋಡಬೇಕು. ನೆಲ ಒಣಗಿದೆಯೇ, ನೀರಿನ ಬಟ್ಟಲು ಲೋಳೆಗಟ್ಟಿದೆಯೇ, ರಾತ್ರಿ ಎರಡು ಗಂಟೆಗೆ ಆ ಆವರಣದಲ್ಲಿ ಯಾರು ಇರುತ್ತಾರೆ ಎಂದು ವಿಚಾರಿಸಬೇಕು. ದೀರ್ಘಪ್ರವಾಸಕ್ಕೆ ಮುನ್ನ ಒಂದು ರಾತ್ರಿ ಬಿಟ್ಟು ನೋಡುವುದು ಜಾಣತನ. ಸ್ನಾನಕ್ಷೌರ ಮಾಡಿಸುವವರಲ್ಲಿ ಕದ ಮುಚ್ಚಿಕೊಳ್ಳದೆ ನಿಮ್ಮೆದುರೇ ಕೆಲಸ ಮಾಡುವವರನ್ನೂ, ಪಾಠ ಹೇಳುವವರಲ್ಲಿ ನಾಯಿಗಿಂತ ಹೆಚ್ಚಾಗಿ ಯಜಮಾನನಿಗೆ ಕಲಿಸುವವರನ್ನೂ ಆರಿಸಿಕೊಂಡರೆ ಸಾಕು. ಕೋಲು ಹಿಡಿದು ಬರುವವನಿಗೆ ಗೇಟಿನಿಂದಲೇ ನಮಸ್ಕಾರ.

ಉದ್ಯೋಗನಿಮಿತ್ತ ಜರ್ಮನಿಗೋ ನೆದರ್ಲೆಂಡ್ಸಿಗೋ ಹೊರಟ ನಮ್ಮ ತರುಣರು ನಾಯಿಯನ್ನೂ ಕರೆದೊಯ್ಯಬಯಸಿದರೆ, ಟಿಕೆಟ್ಟು ಕೊಳ್ಳುವ ಮೊದಲೇ ಪಂಚಾಂಗ ನೋಡಬೇಕು. ಮೊದಲು ಚರ್ಮದಡಿಯಲ್ಲಿ ಮೈಕ್ರೋಚಿಪ್ಪು, ಅದರ ಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಮೂವತ್ತು ದಿನಗಳಾದರೂ ಕಳೆದ ಮೇಲೆ ರಕ್ತಪರೀಕ್ಷೆ, ಆ ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ: ಹೀಗೆ ಯುರೋಪಿಯನ್ ಒಕ್ಕೂಟದ ನಿಯಮವು ನಾಲ್ಕು ತಿಂಗಳಿಗೂ ಮೀರಿದ ಕಾಲವನ್ನು ಬೇಡುತ್ತದೆ. ಕ್ರಮ ತಪ್ಪಿದರೆ, ಎಂದರೆ ಚಿಪ್ಪಿಗೆ ಮುಂಚೆ ಲಸಿಕೆಯಾಗಿದ್ದರೆ, ಮತ್ತೆ ಮೊದಲಿನಿಂದ. ಕೊನೆಯ ಆರೋಗ್ಯಪತ್ರವನ್ನು ಕೊಡುವವರು ಬೆಂಗಳೂರಿನಲ್ಲಿಯೇ ಇರುವ ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಕೇಂದ್ರದವರು. ಮಧ್ಯವರ್ತಿಗೆ ದೊಡ್ಡ ಮೊತ್ತವನ್ನು ಒಪ್ಪಿಸುವ ಮೊದಲು ಆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿದರೆ, ಮಧ್ಯವರ್ತಿಯ ಯೋಗ್ಯತೆಯೂ ತಿಳಿದುಬರುತ್ತದೆ.

ಪ್ರಾಣಿಯು ತೀರಿಕೊಂಡಾಗ ಅಂತ್ಯಕ್ರಿಯೆ ಎಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಮುಂಚಿತವಾಗಿ ಕೇಳಿಕೊಳ್ಳುವುದಿಲ್ಲ. ಹಿತ್ತಿಲಿರುವವರು ಬಾವಿಯಿಂದ ದೂರದಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬಹುದು. ಬೆಂಗಳೂರಿನಲ್ಲಿ ಸುಮನಹಳ್ಳಿಯ ಪ್ರಾಣಿ ಚಿತಾಗಾರವೂ ಕೆಂಗೇರಿಯಲ್ಲಿ ಮೇಲೆ ಹೇಳಿದ ಸಂಸ್ಥೆಯ ಸಾಕುಪ್ರಾಣಿಗಳ ಸ್ಮಶಾನವೂ ಇವೆ, ಹೊರಡುವ ಮೊದಲು ಫೋನು ಮಾಡಿ ವೇಳೆಯನ್ನು ಕೇಳಿಕೊಳ್ಳಬೇಕು. ಆದರೆ ಸಾಯುವ ಮೊದಲು ಪ್ರಾಣಿಯ ಸ್ವಭಾವವು ಇದ್ದಕ್ಕಿದ್ದಂತೆ ಬದಲಾಗಿದ್ದರೆ, ಜೊಲ್ಲು ಸುರಿದು, ದವಡೆ ಜೋತು, ಕಂಡವರನ್ನು ಕಚ್ಚಿದ್ದರೆ, ಹೂಳುವ ಅವಸರ ಬೇಡ; ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ರೇಬೀಸ್ ಹೌದೋ ಅಲ್ಲವೋ ಎಂಬುದು ಮೆದುಳಿನ ಅಂಶವನ್ನು ಪರೀಕ್ಷಿಸಿದ ಮೇಲಲ್ಲದೆ ನಿಶ್ಚಯವಾಗದು. ಹೆಬ್ಬಾಳದ ಮಹಾವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ಪ್ರಯೋಗಾಲಯವಿದೆ. ಕಚ್ಚಿಸಿಕೊಂಡವರು ಮಾತ್ರ ಆ ಫಲಿತಾಂಶಕ್ಕಾಗಿ ಕಾಯದೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸತಕ್ಕದ್ದು.